ಹೊಸ ತೆನೆ ಮನೆಗೆ ಬಂದಾಗ
(ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಒಂಬತ್ತು ದಿನ ನಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆ ಮರಿಯಮ್ಮನವರಿಗೆ ಅರ್ಪಿಸಿದ್ದಾರೆ. ಇಂದು ಆ ತಾಯಿಯ ಹುಟ್ಟುಹಬ್ಬ. ಕರಾವಳಿಯ ಕಥೋಲಿಕರಾದ ನಮಗೆ ಇದು ಮೊಂತಿ ಹಬ್ಬ, ತೆನೆ ಹಬ್ಬ. ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಹಂಚಿಕೊಳ್ಳುತ್ತೇವೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಮಕ್ಕಳಿಗೂ ನಾಲ್ಕು ಕಾಳು ಕಳುಹಿಸುತ್ತೇವೆ. ಬಾಳೆ ಎಲೆಯ ಮೇಲೆ ಐದೋ ಏಳೋ ಬಗೆಯ ತರಕಾರಿ ಬಡಿಸಿ ಒಟ್ಟಿಗೆ ಉಣ್ಣುತ್ತೇವೆ.

ಆದರೆ ಈ ವರ್ಷ ತೆನೆ ಬಂದದ್ದೆಲ್ಲಿಂದ? ನಮ್ಮ ಧರ್ಮಕೇಂದ್ರದಲ್ಲಿ ಭತ್ತ ಬೆಳೆಯುವ ಮನೆ ಒಂದೂ ಉಳಿದಿಲ್ಲ. ಪಕ್ಕದ ಊರಿನ ಗದ್ದೆಯಿಂದ ಕೇಳಿ ತಂದೆವು. ಇನ್ನೊಂದು ಮಾತನ್ನೂ ಮರೆಮಾಚುವುದು ಬೇಡ. ಕಳೆದ ವರ್ಷ ಹಬ್ಬದ ಮರುದಿನ ಚರ್ಚ್ ಸಭಾಂಗಣದ ಹಿಂದೆ ಪ್ಲಾಸ್ಟಿಕ್ ಲೋಟ, ಥರ್ಮೋಕೋಲ್, ಉಳಿದ ಅನ್ನ ಎಲ್ಲವೂ ಒಂದೇ ರಾಶಿಯಾಗಿ ಬಿದ್ದಿತ್ತು. ಅದಕ್ಕೆ ಬೆಂಕಿ ಹಚ್ಚಿದವರು ನಾವೇ. ಗುರುಗಳಾದ ನಾವೂ ನೋಡಿ ಸುಮ್ಮನಿದ್ದೆವು. ಸೃಷ್ಟಿಗಾಗಿ ದೇವರಿಗೆ ಸ್ತೋತ್ರ ಹಾಡಿದ ಅಂಗಳದಲ್ಲೇ ಆ ಹೊಗೆ ಎದ್ದಿತು.

ದೇವರು ಮೊದಲ ಮಾನವನಿಗೆ ತೋಟದ ಒಡೆತನ ಕೊಡಲಿಲ್ಲ, ಅದರ ದುಡಿಮೆಯನ್ನೂ ಕಾವಲನ್ನೂ ಒಪ್ಪಿಸಿದರು ಎನ್ನುತ್ತದೆ ಆದಿಕಾಂಡ. ಐದು ರೊಟ್ಟಿಯಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಪ್ರಭು ಯೇಸು, ಉಳಿದ ಚೂರುಗಳನ್ನು ಶಿಷ್ಯರಿಂದ ಒಟ್ಟುಗೂಡಿಸಿದರು. ಹನ್ನೆರಡು ಬುಟ್ಟಿ ತುಂಬಿತು. ಬೇಕಾದಷ್ಟು ರೊಟ್ಟಿ ಕೊಡಬಲ್ಲ ಪ್ರಭುವೇ ಒಂದು ಚೂರನ್ನೂ ಹಾಳುಮಾಡಲಿಲ್ಲ. ಮತ್ತೆ ನಾವು? 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಬೇಕಾದಷ್ಟೇ ಅಡಿಗೆ ಮಾಡುವುದು, ಕಸ ಬೇರ್ಪಡಿಸುವುದು, ಬೇಡದ ದೀಪ ಆರಿಸುವುದು ಇಂಥ ಸಣ್ಣ ಕೆಲಸಗಳಿಗೂ ಬೆಲೆಯಿದೆ ಎಂದು ತಿಳಿಸಿದರು.

ಹಾಗಾದರೆ ನಮ್ಮ ಮನೆಯಲ್ಲೇ ಆರಂಭಿಸೋಣ.

ಮೊದಲು ಅಡಿಗೆಮನೆ. ಹಸಿ ಕಸಕ್ಕೆ ಒಂದು ಬಕೆಟ್, ಒಣ ಕಸಕ್ಕೆ ಇನ್ನೊಂದು. ತರಕಾರಿ ಸಿಪ್ಪೆಯನ್ನು ತರಗೆಲೆಯ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿದರೆ ಕೆಲವು ತಿಂಗಳಲ್ಲಿ ತೆಂಗಿನ ಬುಡಕ್ಕೆ ಗೊಬ್ಬರ. ಪೇಟೆಗೆ ಹೊರಡುವಾಗ ಬಟ್ಟೆಯ ಚೀಲ ಕೈಯಲ್ಲಿರಲಿ.

ಎರಡನೆಯದು ಬಚ್ಚಲ ಒಲೆ. ಸ್ನಾನದ ನೀರು ಕಾಯಿಸಲು ಪ್ಲಾಸ್ಟಿಕ್ ತುರುಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದರ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರಬಹುದು. ಅದನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕೂರುವ ನಮ್ಮ ತಾಯಂದಿರು, ಅಜ್ಜಿಯಂದಿರು. ಇಂದೇ ನಿಲ್ಲಿಸೋಣ.

ಮೂರನೆಯದು ಬಾವಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೂ ಏಪ್ರಿಲ್ ಬಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ! ಒಂದು ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಅದನ್ನು ಬಾವಿಗೆ ಬಿಡಬಹುದು. ಆಗದಿದ್ದರೆ ಅಂಗಳದಲ್ಲಿ ಒಂದು ಇಂಗುಗುಂಡಿ ತೋಡೋಣ. ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೆ ಹೋಗಲಿ.

ಇನ್ನು ಮಕ್ಕಳಿಗೊಂದು ಜವಾಬ್ದಾರಿ. ಯಾರೂ ಇಲ್ಲದ ಕೋಣೆಯ ದೀಪ, ಫ್ಯಾನ್ ಆರಿಸುವವರು ನೀವೇ. 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ ಎಂದು ಅಪ್ಪನಿಗೂ ನೆನಪಿಸಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಪ್ರತಿಯೊಂದು ಕುಟುಂಬವೂ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ. ಈ ಹಬ್ಬದ ಊಟಕ್ಕೆ ಸಭಾಂಗಣದಲ್ಲಿ ಬಾಳೆ ಎಲೆ ಮತ್ತು ಸ್ಟೀಲ್ ಲೋಟ ಮಾತ್ರ. ತೊಳೆಯುವ ಕೈಗಳಲ್ಲಿ ಗುರುಗಳಾದ ನಮ್ಮ ಕೈಗಳೂ ಇರುತ್ತವೆ. ಪಾಳುಬಿದ್ದ ಚರ್ಚ್ ಗದ್ದೆಯ ಒಂದು ಮೂಲೆಯಲ್ಲಾದರೂ ಮುಂದಿನ ಮಳೆಗಾಲಕ್ಕೆ ಭತ್ತ ಬಿತ್ತೋಣ. ಬರುವ ವರ್ಷ ಬಲಿಪೀಠದ ಮುಂದೆ ನಮ್ಮದೇ ಮಣ್ಣಿನ ತೆನೆ ಇರಲಿ.

ನಜರೇತಿನ ಸಣ್ಣ ಮನೆಯಲ್ಲಿ ಸರಳವಾಗಿ ಬಾಳಿದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.