ಹದ್ದು ಕುಳಿತ ಅಚ್ಚಿನ ಯಂತ್ರ

ನಮ್ಮ ಮಚ್ಛೆಯು ಈಗ ಬರಿಯ ಒಕ್ಕಲುತನದ ಹಳ್ಳಿಯಾಗಿ ಉಳಿದಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಈ ಹಾದಿಯಲ್ಲಿ ಕಾರಖಾನೆಗಳು ಎದ್ದಿವೆ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾಯಕದವರು ಈ ಸಭೆಯಲ್ಲಿಯೂ ಇರುವರು. ಆದುದರಿಂದ ಇಂದು ಗ್ರಂಥವನ್ನು ಬಿಟ್ಟು, ಗ್ರಂಥಗಳನ್ನು ಹೆತ್ತ ಒಂದು ಕಬ್ಬಿಣದ ಯಂತ್ರದ ವಿಷಯವನ್ನು ಅರಿಕೆ ಮಾಡುವೆನು. ಅದರ ಹೆಸರು ಕೊಲಂಬಿಯನ್.

ಸುಮಾರು 1450ರಲ್ಲಿ ಜರ್ಮನಿಯ ಗುಟೆನ್‌ಬರ್ಗನು ಅಚ್ಚು ಹಾಕಲು ತೊಡಗಿದಾಗ ಯಂತ್ರವು ಕಟ್ಟಿಗೆಯದಾಗಿತ್ತು. ದ್ರಾಕ್ಷಿಯನ್ನು ಹಿಂಡುವಂತೆ ದಪ್ಪ ತಿರುಪನ್ನು ತಿರುವಿ ಕಾಗದವನ್ನು ಒತ್ತುತ್ತಿದ್ದರು. ನಮ್ಮ ನೆರೆಯ ಗೋವೆಗೆ 1556ರಲ್ಲಿ ಬಂದ ಮುದ್ರಣವೂ ಆ ಕಾಲದ್ದೇ. ದೊಡ್ಡ ಹಾಳೆಯಾದರೆ ಒಮ್ಮೆಗೆ ಅರ್ಧ ಮಾತ್ರ ಮೂಡುವದು. ಇನ್ನರ್ಧಕ್ಕೆ ಮತ್ತೊಮ್ಮೆ ಎಳೆಯಬೇಕು. ಸುಮಾರು 1800ರಲ್ಲಿ ಇಂಗ್ಲಂಡಿನ ಸ್ಟ್ಯಾನ್‌ಹೋಪ್ ಪ್ರಭುವು ಚೌಕಟ್ಟನ್ನು ಕಬ್ಬಿಣದ್ದಾಗಿ ಮಾಡಿದನು, ಆದರೆ ತಿರುಪನ್ನು ಬಿಡಲಿಲ್ಲ. ಅದನ್ನು ಪೂರ್ತಿಯಾಗಿ ಕಿತ್ತೆಸೆದವನು ಅಮೇರಿಕೆಯ ಫಿಲಡೆಲ್ಫಿಯದ ಜಾರ್ಜ್ ಕ್ಲೈಮರ್. ಸುಮಾರು 1813ರಲ್ಲಿ ಅವನು ತಿರುಪಿನ ಬದಲು ಸನ್ನೆಗೋಲುಗಳನ್ನು ಜೋಡಿಸಿದನು. ಕೈಹಿಡಿಯನ್ನು ಒಮ್ಮೆ ಎಳೆದರೆ ಸಾಕು, ಇಡೀ ಹಾಳೆಯು ಸಮನಾಗಿ ಮೂಡುವದು. 1817ರಲ್ಲಿ ಅವನು ಲಂಡನ್ನಿಗೆ ಹೋಗಿ ನೆಲಸಿದನು. ಅದೇ ವರುಷ ಬಂಗಾಲದ ಶ್ರೀರಾಮಪುರದಲ್ಲಿ ಕೇರಿಯು ಬರೆದ ಕನ್ನಡ ವ್ಯಾಕರಣವು ಅಚ್ಚಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ನೆನೆದರೆ ಮನಸ್ಸಿಗೆ ಹಿತವಾಗುವದು.

ಈ ಯಂತ್ರದ ರೂಪವನ್ನು ಕೇಳಿರಿ. ಎರಡು ಬದಿಗೆ ಎರಡು ಕಂಬಗಳು. ಒಂದೊಂದರ ಮೇಲೆಯೂ ಹಾವುಗಳು ಹೆಣೆದುಕೊಂಡ ಕೋಲು, ನಮ್ಮ ನಾಗರಕಲ್ಲಿನ ಜೋಡಿಹಾವುಗಳಂತೆ. ಅದು ಗ್ರೀಕರ ದೇವದೂತನ ದಂಡವಂತೆ. ಎಲ್ಲಕ್ಕೂ ಮೇಲೆ ರೆಕ್ಕೆ ಬಿಚ್ಚಿದ ಒಂದು ಹದ್ದು; ಅದರ ಉಗುರುಗಳಲ್ಲಿ ಸಿಡಿಲು, ಶಾಂತಿಯ ಆಲಿವ್ ಕೊಂಬೆ, ಸಮೃದ್ಧಿಯ ಕೊಂಬು. ಗರುಡನೆಂದು ಬಗೆದು ಶಿವಭಕ್ತರಾರೂ ಮುನಿಯಬೇಕಾಗಿಲ್ಲ; ಅದು ಅಮೇರಿಕದ ಲಾಂಛನ!

ಆಡಂಬರವೆಂದು ಅನೇಕರು ಇದನ್ನು ನಕ್ಕರು. ನನಗೆ ಹಾಗೆ ತೋರುವದಿಲ್ಲ. ಆ ಹದ್ದು ಸುಮ್ಮನೆ ಕುಳಿತಿಲ್ಲ, ದುಡಿಯುತ್ತದೆ. ಏತದ ಹಿಂತುದಿಗೆ ಕಟ್ಟಿದ ಕಲ್ಲು ಏನು ಮಾಡುವದೋ ಅದನ್ನೇ ಅದು ಮಾಡುವದು. ಕೈಹಿಡಿಯನ್ನು ಎಳೆದಾಗ ಒತ್ತುಹಲಗೆಯು ಇಳಿಯುವದು, ಹದ್ದು ಏಳುವದು; ಬಿಟ್ಟಾಗ ಹದ್ದು ತನ್ನ ಭಾರದಿಂದ ಇಳಿದು ಹಲಗೆಯನ್ನು ಮೇಲಕ್ಕೆತ್ತುವದು. ಹಾಳೆಗೊಮ್ಮೆ ಆ ಪಕ್ಷಿಯು ಎದ್ದು ಕೂಡ್ರುವದು. ಇದಕ್ಕೆ ಎದುರಾಗಿ ಲಂಡನ್ನಿನ ಕೋಪ್ ಎಂಬವನು ಮಾಡಿದ ಆಲ್ಬಿಯನ್ ಯಂತ್ರದಲ್ಲಿ ಈ ಕೆಲಸವನ್ನು ಒಂದು ಸ್ಪ್ರಿಂಗು ಮಾಡುವದು. ಅದು ಹಗುರ, ಸರಳ. ಆದರೆ ನೋಟಕ್ಕೆ ಬಡವು.

ಎರಕದವರಿಗೆ ಇನ್ನೊಂದು ಮಾತು. ಕಟ್ಟಿಗೆಯ ಮಾದರಿಯಲ್ಲಿ ಹೂಬಳ್ಳಿಯನ್ನು ಒಮ್ಮೆ ಕೆತ್ತಿಟ್ಟರೆ, ಉಸುಕಿನಲ್ಲಿ ಎಷ್ಟು ಸಾರಿ ಒತ್ತಿದರೂ ಅಷ್ಟು ಸಾರಿ ಅದೇ ಬಳ್ಳಿ ಬರುವದು. ಕನ್ನಡವು ಎರಕದ ಪಡಿಯನ್ನೂ ಪುಸ್ತಕದ ಮುದ್ರಣವನ್ನೂ 'ಅಚ್ಚು' ಎಂಬ ಒಂದೇ ಮಾತಿನಿಂದ ಕರೆದಿದೆ. ಅಚ್ಚು ಹಾಕುವ ಯಂತ್ರವು ತಾನೇ ಅಚ್ಚಿನಲ್ಲಿ ಹುಟ್ಟಿದ್ದು.

ತಾಳೆಯೋಲೆಗಳಲ್ಲಿದ್ದ ಶರಣರ ವಚನಗಳು ನಮ್ಮ ಮನೆಗಳಿಗೆ ಬಂದುದು ಅಚ್ಚಿನ ದೆಸೆಯಿಂದಲೇ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಇದೇ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಳಿಕ ಅವರು ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು; 1926ರಲ್ಲಿ 'ಶಿವಾನುಭವ' ಪತ್ರಿಕೆಯು ಹೊರಟಿತು. ಅಷ್ಟರಲ್ಲಿ ಹದ್ದಿನ ಕಾಲ ಸರಿದು, ಉರುಳೆಯ ಯಂತ್ರಗಳೂ ಕಾಲ್ತುಳಿತದ ಯಂತ್ರಗಳೂ ಬಂದಿದ್ದವು. ಆದರೆ ಅವುಗಳ ಕುಲವೂ ಎರಕದ ಕಬ್ಬಿಣದ್ದೇ.

ಈಗ ನನ್ನ ಬಿನ್ನಹ. ಆಫ್‌ಸೆಟ್ ಬಂದ ಮೇಲೆ ಹಳೆಯ ಅಚ್ಚುಕೂಟಗಳ ಯಂತ್ರಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಗುಜರಿಯು ಕೊನೆಗೆ ಸೇರುವದು ಕುಲುಮೆಗೆ. ನಿಮ್ಮ ಅಂಗಳದ ರಾಶಿಯಲ್ಲಿ ಕೆತ್ತನೆಯ ಕಂಬವಾಗಲಿ, ಚಪ್ಪಟೆಯ ಒತ್ತುಹಲಗೆಯಾಗಲಿ, ಹೆಸರಿನ ಹಿತ್ತಾಳೆಯ ತಟ್ಟೆಯಾಗಲಿ ಕಂಡರೆ ಒಂದು ದಿನ ಒಲೆಗೆ ಹಾಕದೆ ತಡೆದು, ಮಠಕ್ಕೆ ಹೇಳಿ ಕಳಿಸಿರಿ. ಗುಜರಿಯ ಬೆಲೆಯನ್ನು ಕೊಟ್ಟು ತರುವ ಏರ್ಪಾಡನ್ನು ನಾವು ಮಾಡುವೆವು. ತಟ್ಟೆಯನ್ನು ಮಾತ್ರ ಕಿತ್ತು ತೆಗೆದಿಡಬೇಡಿರಿ. ಅದು ಯಂತ್ರದ ಮೈಮೇಲೆಯೇ ಇರಲಿ.