ಬೂಟಿನ ಮೇಲಿನ ಹೆಸರು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಭೆಯಲ್ಲಿ ಬೂಟಿನ ಮಾತೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಕಳೆದ ದೀಪಾವಳಿಯಲ್ಲಿ ನಮ್ಮ ಕೋಣೆಯ ಹುಡುಗನೊಬ್ಬ, ಹೊಟೇಲಿನಲ್ಲಿ ಟೇಬಲ್ಲು ಒರೆಸುವವನು, ಎರಡು ತಿಂಗಳ ಪಗಾರ ಸುರಿದು ಒಂದು ಜೊತೆ ಬೂಟು ತಂದ. ಕಾಲಿಗೆ ಹಾಕಲಿಲ್ಲ. ಪೆಟ್ಟಿಗೆ ಸಮೇತ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ. “ಇದು ಲಿಮಿಟೆಡ್, ಅಣ್ಣಾ. ಇನ್ನು ಸಿಗುವುದಿಲ್ಲ. ವರ್ಷ ಕಳೆದರೆ ದುಪ್ಪಟ್ಟಿಗೆ ಹೋಗುತ್ತದೆ” ಎಂದ. ಊರಿನಲ್ಲಿ ಅವನ ತಾಯಿ ಹಣದ ದಾರಿ ಕಾಯುತ್ತಿದ್ದಳೆಂಬುದು ನಮಗೆ ಗೊತ್ತಿತ್ತು. ಆದರೂ ನಾವು ಬೈಯಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು ಇಂದು ಎಲ್ಲರೆದುರು ಹೇಳುತ್ತಿದ್ದೇವೆ.

ಈ ಬೂಟುಗಳಿಗೆ ಸ್ನೀಕರ್ ಎಂದು ಹೆಸರು. ಅಡಿಗೆ ರಬ್ಬರು, ಮೇಲೆ ಬಟ್ಟೆಯೋ ಚರ್ಮವೋ. ಹುಟ್ಟಿದ್ದು ಆಟಗಾರರಿಗಾಗಿ. ಅಮೆರಿಕದ ಕಾನ್ವರ್ಸ್ ಕಂಪನಿ 1917ರಲ್ಲಿ ಆಲ್ ಸ್ಟಾರ್ ಎಂಬ ಬೂಟನ್ನು ಹೊರಡಿಸಿತು. ಅದನ್ನು ಊರೂರು ತಿರುಗಿ ಮಾರಿದ ಬಾಸ್ಕೆಟ್‌ಬಾಲ್ ಆಟಗಾರ ಚಕ್ ಟೇಲರನ ಹೆಸರು 1930ರ ದಶಕದಲ್ಲಿ ಅದರ ಮೇಲೆ ಬಂತು. ಹೀಗೆ ಬೂಟಿಗೆ ಮನುಷ್ಯನ ಹೆಸರು ಹತ್ತಿತು. ಕಂಪನಿಗಳಿಗೆ ಒಂದು ಮಾತು ತಿಳಿಯಿತು: ಜನ ಬೂಟನ್ನಷ್ಟೇ ಕೊಳ್ಳುವುದಿಲ್ಲ, ಹೆಸರನ್ನೂ ಕೊಳ್ಳುತ್ತಾರೆ.

ಈ ಹೆಸರಿನ ವ್ಯಾಪಾರದಲ್ಲಿ ಇಬ್ಬರ ಕಥೆಯನ್ನು ತಾವು ಕೇಳಬೇಕು. 1971ರಲ್ಲಿ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ನೈಕಿ ಕಂಪನಿಗೆ ಒಂದು ಗುರುತು ಬರೆದುಕೊಟ್ಟಳು. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಕಾಣುವ ಆ ಬಾಗಿದ ಗೆರೆ ಅವಳದೇ. ಸಿಕ್ಕ ಕೂಲಿ 35 ಡಾಲರು. ಹನ್ನೆರಡು ವರ್ಷಗಳ ಮೇಲೆ, 1983ರಲ್ಲಿ, ಕಂಪನಿ ತಾನಾಗಿ ಕರೆದು ವಜ್ರದ ಉಂಗುರವನ್ನೂ ಕೆಲವು ಷೇರುಗಳನ್ನೂ ಕೊಟ್ಟಿತು. ಮರುವರ್ಷ, 1984ರಲ್ಲಿ, ಅದೇ ಕಂಪನಿ ಮೈಕೆಲ್ ಜೋರ್ಡನ್ ಎಂಬ ತರುಣ ಆಟಗಾರನೊಡನೆ ಕರಾರು ಮಾಡಿಕೊಂಡಿತು. ಆ ಕರಾರಿನಲ್ಲಿ ಸಂಭಾವನೆಯ ಜೊತೆಗೆ ಮಾರಾಟದ ಮೇಲೆ ಪಾಲೂ ಇತ್ತು. 1985ರಲ್ಲಿ ಏರ್ ಜೋರ್ಡನ್ ಬೂಟು 65 ಡಾಲರಿಗೆ ಅಂಗಡಿಗೆ ಬಂತು. ಮೊದಲ ವರ್ಷದಲ್ಲೇ ಹತ್ತು ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಜೋರ್ಡನ್ ಆಟ ಬಿಟ್ಟು ಎಷ್ಟೋ ವರ್ಷವಾದರೂ ಅವನ ಪಾಲು ಬರುತ್ತಲೇ ಇದೆ.

ಡೇವಿಡ್‌ಸನ್ನಳಿಗೆ ಉಂಗುರ ಬಂದದ್ದು ಧಣಿಯ ಸಂತೋಷದಿಂದ. ಜೋರ್ಡನ್ನನಿಗೆ ಪಾಲು ಬಂದದ್ದು ಬರೆದ ಕರಾರಿನಿಂದ. ದೀಪಾವಳಿಯ ಭಕ್ಷೀಸಿಗೂ ಹಕ್ಕಿನ ಬೋನಸ್ಸಿಗೂ ಎಷ್ಟು ಅಂತರವಿದೆಯೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ‘ಲಿಮಿಟೆಡ್’ ಎಂಬ ಮಾತು. ದೊಡ್ಡ ಪಾತ್ರೆಯಲ್ಲಿ ಇನ್ನೂರು ದೋಸೆಗೆ ಸಾಕಾಗುವ ಹಿಟ್ಟಿದೆಯೆನ್ನಿ. ಧಣಿ ಇಪ್ಪತ್ತೇ ದೋಸೆ ಹುಯ್ಯಿಸಿ, ಬಾಗಿಲಿಗೆ ಹಗ್ಗ ಕಟ್ಟಿಸಿ, “ಮುಗಿಯಿತು” ಎಂದರೆ ಮರುದಿನ ಬೆಳಗ್ಗೆ ಬೀದಿಯುದ್ದಕ್ಕೂ ಸಾಲು ನಿಲ್ಲುತ್ತದೆ. ದೋಸೆ ಅದೇ, ಕಾವಲಿ ಅದೇ. ಏರಿದ್ದು ಕೊರತೆಯ ಬೆಲೆ. ಬೂಟಿನಲ್ಲೂ ಹೀಗೆಯೇ. 2005ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ ಸ್ಟೇಪಲ್ ಎಂಬ ವಿನ್ಯಾಸಗಾರನೂ ನೈಕಿಯೂ ಸೇರಿ, ಹಿಮ್ಮಡಿಯಲ್ಲಿ ಪಾರಿವಾಳದ ಚಿತ್ರವಿದ್ದ ಬೂಟನ್ನು ಹೊರಡಿಸಿದರು. ಮಾಡಿಸಿದ್ದು 150 ಜೊತೆ ಮಾತ್ರ. ಅಂಗಡಿಯ ಮುಂದೆ ನೂಕುನುಗ್ಗಲಾಗಿ ಪೊಲೀಸರು ಬರಬೇಕಾಯಿತು. 2017ರಲ್ಲಿ, ವಾಸ್ತುಶಿಲ್ಪ ಓದಿದ್ದ ವರ್ಜಿಲ್ ಅಬ್ಲೋ ನೈಕಿಗಾಗಿ ಹತ್ತು ಬೂಟುಗಳ ರೂಪವನ್ನು ಬದಲಿಸಿಕೊಟ್ಟ. 2020ರಲ್ಲಿ ಪ್ಯಾರಿಸಿನ ಡಿಯೋರ್ ಮನೆತನ ಜೋರ್ಡನ್ ಬೂಟಿಗೆ ತನ್ನ ಹೆಸರು ಸೇರಿಸಿತು. ಬೆಲೆ ಎರಡು ಸಾವಿರ ಡಾಲರು ತಲುಪಿತು. ಕೊಂಡವರು ಹಲವರು ಹಾಕಿ ನಡೆಯುವುದಿಲ್ಲ, ಮಾರುತ್ತಾರೆ. ಬೂಟು ಸಟ್ಟಾ ಬಜಾರಿನ ಚೀಟಿಯಂತಾಯಿತು.

ಇಷ್ಟು ಹೆಸರುಗಳ ನಡುವೆ ಹೊಲಿದವರ ಹೆಸರೆಲ್ಲಿ? ಈ ಬೂಟುಗಳಲ್ಲಿ ಬಹುಪಾಲು ವಿಯೆಟ್ನಾಂ, ಇಂಡೋನೇಶಿಯ, ಚೀನಾ ದೇಶಗಳ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಹತ್ತಾರು ತುಂಡುಗಳನ್ನು ಕತ್ತರಿಸಿ, ಹೊಲಿದು, ಅಂಟು ಬಳಿದು, ಒತ್ತಿ, ಒಣಗಿಸುವ ಕೆಲಸ. 2014ರ ಏಪ್ರಿಲಿನಲ್ಲಿ ಚೀನಾದ ಡೊಂಗ್‌ಗುವಾನ್ ಪಟ್ಟಣದಲ್ಲಿ, ನೈಕಿ ಮತ್ತು ಅಡಿಡಾಸ್ ಕಂಪನಿಗಳಿಗೆ ಬೂಟು ಹೊಲಿಯುವ ಯೂ ಯುವೆನ್ ಕಾರ್ಖಾನೆಯಲ್ಲಿ ಸುಮಾರು 40 ಸಾವಿರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಪ್ಪಿನ ಕಾಲಕ್ಕೆಂದು ಕಂಪನಿ ಕಟ್ಟಬೇಕಾದ ವಂತಿಗೆ ವರ್ಷಗಟ್ಟಲೆ ಪೂರ್ತಿ ಕಟ್ಟಿರಲಿಲ್ಲ. ಸುಮಾರು ಎರಡು ವಾರ ಮುಷ್ಕರ ನಡೆಯಿತು. ಕೊನೆಗೆ ಪೂರ್ತಿ ಕಟ್ಟಲು ಕಂಪನಿ ಒಪ್ಪಬೇಕಾಯಿತು.

ಇದು ನಮಗೆ ದೂರದ ಮಾತಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಗಟ್ಟಲೆಯಾಗಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯಬಾರದೆಂಬ ಹೊಸ ನಿಯಮವನ್ನು ಎರಡೇ ದಿನದಲ್ಲಿ ಸರಕಾರ ಹಿಂತೆಗೆದುಕೊಂಡಿತು. ವಿದೇಶದ ಹೆಸರು ಹೊತ್ತ ಅಂಗಿಗಳನ್ನು ಹೊಲಿಯುವ ಕೈಗಳವು.

ನಮ್ಮ ನಾಡಿನ ಕಾಲ್ಮರಿಯ ಕಥೆಯನ್ನೂ ಹೇಳಬೇಕು. ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರದ್ದು ಮಾತ್ರವಲ್ಲ. ಅಥಣಿಯ ಮನೆಮನೆಗಳಲ್ಲೂ ಅದನ್ನು ಹೊಲಿಯುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಯನ್ನು ತೋರಿಸಿತು, ನಮ್ಮವರ ಹೆಸರೆತ್ತದೆ. ಕೂಗೆದ್ದಿತು. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳೊಡನೆ ಒಪ್ಪಂದವಾಗಿ, ಇಲ್ಲಿಯೇ 2,000 ಜೊತೆ ಮಾಡಿಸಿ ಸುಮಾರು 800 ಯೂರೋಗೆ ಮಾರುವುದಾಗಿ ಪ್ರಕಟವಾಯಿತು. ಎಂದರೆ ಜೊತೆಗೆ 80 ಸಾವಿರ ರೂಪಾಯಿಗೂ ಮಿಕ್ಕಿ. ಕೇಳಿದ್ದರಿಂದ ಹೆಸರು ಬಂತು. ಅದರಲ್ಲಿ ಹೊಲಿದವನ ಪಾಲೆಷ್ಟು ಎಂದು ಕೇಳುವುದನ್ನೂ ನಾವು ಬಿಡಬಾರದು.

ಮುಂಬಯಿಯಲ್ಲಿ ಇಂಥ ಬೂಟು ಮಾರುವ ಅಂಗಡಿಗಳು ಯಾವ ನೆಲದ ಮೇಲಿವೆ? ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಆವರಣ ಇಂದು ದೊಡ್ಡ ಮಾಲ್. ನೂಲು ತೆಗೆದವರ ಹೆಸರು ಅಲ್ಲಿ ಯಾವ ಹಲಗೆಯ ಮೇಲೂ ಕಾಣುವುದಿಲ್ಲ. 1982ರ ಮುಷ್ಕರ ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗಿಂತ ಹೆಚ್ಚು ನಾವೇನು ಹೇಳೋಣ?

ತರುಣರೇ, ಬೂಟು ಬೇಡವೆಂದು ನಾವು ಹೇಳುತ್ತಿಲ್ಲ. ದಿನಕ್ಕೆ ಹತ್ತು ತಾಸು ಒದ್ದೆ ನೆಲದ ಮೇಲೆ ನಿಲ್ಲುವವನಿಗೆ ಜಾರದ, ಗಟ್ಟಿ ಅಡಿಯ ಬೂಟು ಶೋಕಿಯಲ್ಲ, ಅಗತ್ಯ. ಕಾಲಿಗೆ ಕೊಳ್ಳಿರಿ, ಪೆಟ್ಟಿಗೆಗಲ್ಲ. ಯಾರದೋ ಹೆಸರಿಗೆ ಎರಡು ತಿಂಗಳ ಬೆವರು ಕೊಡುವ ಮೊದಲು ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿದೆಯೇ, ಪಗಾರದ ಚೀಟಿಯಲ್ಲಿದೆಯೇ, ಭವಿಷ್ಯನಿಧಿಯ ಖಾತೆಯಲ್ಲಿದೆಯೇ ನೋಡಿಕೊಳ್ಳಿರಿ. ಇಲ್ಲದಿದ್ದರೆ ಸಂಘಕ್ಕೆ ಬನ್ನಿರಿ.

ಆ ಹುಡುಗನ ತಾಯಿಯ ಔಷಧಕ್ಕೆ ಹಣ ಬೇಕೆಂದು ಹೋದ ವಾರ ಊರಿಂದ ಫೋನು ಬಂತು. ಬೂಟು ಮಾರಿದ. ದುಪ್ಪಟ್ಟು ಬರಲಿಲ್ಲ, ಕೊಟ್ಟಷ್ಟೂ ಬರಲಿಲ್ಲ. ಬಂದದ್ದನ್ನು ಅಂದೇ ಕಳಿಸಿದ. ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ; ಬೆಳಗ್ಗೆ ಸದಸ್ಯತ್ವದ ವಂತಿಗೆ ಕಟ್ಟಿ, ತನ್ನ ಹೆಸರನ್ನು ತಾನೇ ಬರೆದಿದ್ದಾನೆ.