ಬರಿಗೈಯಲ್ಲಿ ಬರಬೇಡಿ



ಈ ವಾರ ಮಳೆ ಬಿಟ್ಟಿಲ್ಲ. ಮುಂಬಯಿಯ ಹಾರ್ಬರ್ ಲೈನಿನ ಗಾಡಿಗಳು ನಿಂತು ನಿಂತು ಹೋಗುತ್ತಿವೆ, ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು. ನಮ್ಮ ಒಪಿಡಿಯ ಬೆಂಚಿನ ಮೇಲೆ ಕೂರಲು ಜಾಗವಿಲ್ಲ, ಅಷ್ಟು ಜನ ಕೆಮ್ಮಿನವರು. ಇವರಲ್ಲಿ ಬಹಳ ಮಂದಿಗೆ ಬಂದಿರುವುದು ಮಳೆಗಾಲದ ಫ್ಲೂ. ಅದು ಬರುತ್ತದೆ, ಹೋಗುತ್ತದೆ. ನನಗೆ ಚಿಂತೆಯಿರುವುದು ಬೇರೆಯವರ ಬಗ್ಗೆ. ಹಿಂದೊಮ್ಮೆ ಟಿಬಿ ಆಗಿ ವಾಸಿಯಾದವರು, ಬೆಳಗಾದರೆ ಕಪ್ಪುಗಟ್ಟಲೆ ಕಫ ತೆಗೆಯುವವರು, ವರ್ಷಕ್ಕೆ ಎರಡು ಸಲ ‘ನಿಮೋನಿಯಾ’ ಅಂತ ಮಲಗುವವರು. ಮಳೆ ಹಿಡಿದ ಕೂಡಲೇ ಇವರ ಕೆಮ್ಮು ಜೋರಾಗುತ್ತದೆ. ಗಲ್ಲಿಯ ಡಾಕ್ಟರು ಎರಡು ಕೋರ್ಸ್ ಮಾತ್ರೆ ಕೊಟ್ಟು, ಕಡಿಮೆಯಾಗದೆ, ಕೊನೆಗೆ ಚೀಟಿ ಬರೆಯುತ್ತಾರೆ: ಎದೆರೋಗ ತಜ್ಞರನ್ನು ನೋಡಿ. ಆ ಮೊದಲ ಭೇಟಿಗೆ ಹೊರಟವರಿಗೆ ಇವತ್ತಿನ ಮಾತು.

ನೇರವಾಗಿ ಹೇಳುತ್ತೇನೆ. ನಮ್ಮವರು ಬರಿಗೈಯಲ್ಲಿ ಬರುತ್ತಾರೆ. ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲ ಜೆರಾಕ್ಸ್ ಸಮೇತ ತರುತ್ತಾರೆ. ಹಳೆಯ ಎಕ್ಸ್‌ರೇ ಎಲ್ಲಿ ಅಂದರೆ ‘ಊರಲ್ಲಿದೆ’. ಆಗ ಯಾವ ಮಾತ್ರೆ ತಗೊಂಡಿದ್ದಿರಿ ಅಂದರೆ ‘ಕೆಂಪು ಮಾತ್ರೆ’. ಎಷ್ಟು ತಿಂಗಳು ಅಂದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ. ಉಡುಪಿ, ಕುಂದಾಪುರದ ಕಡೆಯವರೂ ಹೀಗೆಯೇ, ಕಲಬುರಗಿ, ವಿಜಯಪುರದ ಕಡೆಯವರೂ ಹೀಗೆಯೇ. ದುಡಿಯುವುದು ಮುಂಬಯಿಯಲ್ಲಿ, ಕಾಯಿಲೆಯ ಕಾಗದ ಊರಿನ ಅಟ್ಟದಲ್ಲಿ.

ಶ್ವಾಸಕೋಶದ ಹಳೆಯ ಸೋಂಕಿನಲ್ಲಿ ಇವತ್ತಿನ ಚಿತ್ರ ಒಂದೇ ನೋಡಿ ಹೇಳುವುದು ಕಷ್ಟ. ಒಮ್ಮೆ ಟಿಬಿ ಬಂದು ಹೋದ ಜಾಗದಲ್ಲಿ ಕಲೆ ಉಳಿಯುತ್ತದೆ, ಕೆಲವರಲ್ಲಿ ಪೊಟರೆಯೂ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದು ಐದು ವರ್ಷದ ಹಿಂದಿನ ಕಲೆಯೋ, ಹೋದ ತಿಂಗಳು ಎದ್ದ ಹೊಸ ರೋಗವೋ ಎಂಬುದನ್ನು ಪಕ್ಕದಲ್ಲಿ ಹಳೆಯ ಫಿಲ್ಮ್ ಇಟ್ಟರೆ ಒಂದು ನಿಮಿಷದಲ್ಲಿ ಹೇಳಬಹುದು. ಅದು ಇಲ್ಲದಿದ್ದರೆ ತಿಂಗಳುಗಟ್ಟಲೆ ಪರೀಕ್ಷೆ, ಅನುಮಾನ, ಎಷ್ಟೋ ಸಲ ಬೇಡದ ಔಷಧಿ.

ಬೈಂದೂರು ಕಡೆಯ ಒಬ್ಬರ ಕತೆ ಹೇಳುತ್ತೇನೆ. ವಡಾಲದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಆಯಸ್ಸು ಸವೆಸಿದವರು. ಕಫದಲ್ಲಿ ರಕ್ತದ ಗೆರೆ ಬರುತ್ತಿತ್ತು. ಹಿಂದೆ ಊರಿನಲ್ಲಿ ಟಿಬಿ ಮಾತ್ರೆ ಪೂರ್ತಿ ಮುಗಿಸಿದ್ದರು. ಇಲ್ಲಿ ಯಾರೋ ಮತ್ತೆ ಟಿಬಿಯೇ ಎಂದು ಎರಡನೇ ಸಲ ಮಾತ್ರೆ ಶುರು ಮಾಡಿಸಿದ್ದರು. ಕಫದಲ್ಲಿ ಕ್ರಿಮಿ ಸಿಕ್ಕಿರಲಿಲ್ಲ, ರಕ್ತವೂ ನಿಂತಿರಲಿಲ್ಲ. ಹಳೇ ಫಿಲ್ಮ್ ಕೇಳಿದೆ. “ಊರಂಗ್ ಇತ್ತ್ ಡಾಕ್ಟ್ರೇ” ಅಂದರು. ಅಲ್ಲೇ ನನ್ನ ಎದುರಿಗೇ ಫೋನ್ ಮಾಡಿಸಿದೆ. ಹೆಂಡತಿ ಹುಡುಕಿ ಹೇಳಿದರು, ಫಿಲ್ಮ್ ಇದೆ, ಆದರೆ ಅರ್ಧ ಇದೆ. 2019ರ ಡಿಸೆಂಬರ್ 26ರಂದು ಕರಾವಳಿಯಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತಲ್ಲ, ಆವತ್ತು ಮಕ್ಕಳು ಅಪ್ಪನ ಎದೆಯ ಎಕ್ಸ್‌ರೇಯನ್ನು ಕತ್ತರಿಸಿ ಗ್ರಹಣ ನೋಡಿದ್ದಾರೆ! ಎಕ್ಸ್‌ರೇ ಫಿಲ್ಮಿನಲ್ಲಿ ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇರಲಿ. ಉಳಿದ ಅರ್ಧವನ್ನು ರಾತ್ರಿ ಬಸ್ಸಿನಲ್ಲಿ ಪಾರ್ಸಲ್ ಹಾಕಿಸಿದರು. ದೇವರ ದಯೆ, ಉಳಿದದ್ದು ಬಲಗಡೆಯ ಅರ್ಧ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಅದೇ ಪೊಟರೆ, ಅದೇ ಜಾಗ, ಅದೇ ಗಾತ್ರ. ಆದರೆ ಹಳೆಯ ಫಿಲ್ಮಿನಲ್ಲಿ ಅದು ಖಾಲಿ. ಹೊಸದರಲ್ಲಿ ಅದರೊಳಗೆ ಲಿಂಬೆಹಣ್ಣಿನಷ್ಟು ಗುಂಡಗೆ ಏನೋ ಕೂತಿದೆ. ಆಸ್ಪರ್ಜಿಲಸ್ ಎಂಬ ಬೂಷ್ಟು. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಟಿಬಿ ಮಾತ್ರೆ ಎಷ್ಟು ತಿಂಗಳು ನುಂಗಿದರೂ ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ.

ಅರ್ಧ ಫಿಲ್ಮ್ ಇಷ್ಟು ಕೆಲಸ ಮಾಡಿತು. ನೀವು ಪೂರ್ತಿಯದನ್ನೇ ತನ್ನಿ.

ತರುವುದು ಹೇಗೆ? ಎಕ್ಸ್‌ರೇಯ ರಿಪೋರ್ಟ್ ಮಾತ್ರ ಸಾಲದು, ಫಿಲ್ಮ್ ಬೇಕು. ಸಿಟಿ ಸ್ಕ್ಯಾನ್ ಆಗಿದ್ದರೆ ಸಿಡಿಯನ್ನೂ ಕೇಳಿ ಪಡೆಯಿರಿ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೋದಲ್ಲಿ ನಮಗೆ ಬೇಕಾದದ್ದು ಕಾಣುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಸರಿ. ಊರಿನಿಂದ ತರಿಸುವಾಗ ಮಡಚಲು ಬಿಡಬೇಡಿ. ಎರಡು ರಟ್ಟಿನ ನಡುವೆ ಇಟ್ಟು, ಈ ಮಳೆಯಲ್ಲಿ ಎರಡು ಪ್ಲಾಸ್ಟಿಕ್ ಕವರ್ ಹಾಕಿಸಿ. ಒದ್ದೆಯಾದರೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಒಂದೊಂದು ಕಾಗದ ಇರಲಿ. ಎಲ್ಲಕ್ಕೂ ತಾರೀಕು ನೋಡಿ ಹಳೆಯದು ಕೆಳಗೆ, ಹೊಸದು ಮೇಲೆ ಜೋಡಿಸಿ. ಅತಿ ಹಳೆಯದನ್ನು ‘ಇದೇನು ಬೇಕು’ ಅಂತ ಬಿಟ್ಟು ಬರುವವರೇ ಜಾಸ್ತಿ. ಅದೇ ನನಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು.

ಇನ್ನು ಮಾತ್ರೆಗಳ ವಿಷಯ. ಧಾರಾವಿ ನಮ್ಮಿಂದ ಎಷ್ಟು ದೂರ? 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಲಿನ ಸುಮಾರು 100 ಖಾಸಗಿ ವೈದ್ಯರು ಟಿಬಿಗೆ 80 ಬಗೆಯ ಔಷಧಿ ಪಟ್ಟಿ ಬರೆದಿದ್ದರು. 2010ರಲ್ಲಿ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರ ಅಧ್ಯಯನ ಬಂತು. ಆಗ ಅಲ್ಲಿ 106 ವೈದ್ಯರಿಂದ ಬಂದದ್ದು 63 ಬಗೆ, ಸರಿಯಾದ ಔಷಧಿ ಬರೆದವರು 6 ಮಂದಿ. ಹೀಗಿರುವಾಗ ‘ಟಿಬಿ ಮಾತ್ರೆ ತಗೊಂಡಿದ್ದೆ’ ಅಂದರೆ ನಾನು ಏನು ಅಂತ ಊಹೆ ಮಾಡಲಿ? ಖಾಲಿ ಸ್ಟ್ರಿಪ್ ಇದ್ದರೆ ಸ್ಟ್ರಿಪ್ಪೇ ತನ್ನಿ. ಮೆಡಿಕಲ್ ಅಂಗಡಿಯ ಬಿಲ್ಲು ಇದ್ದರೆ ಬಿಲ್ಲು. ಸರಕಾರಿ ಕೇಂದ್ರದಲ್ಲಿ ತಗೊಂಡಿದ್ದರೆ ಚಿಕಿತ್ಸೆಯ ಕಾರ್ಡು, ನಿಕ್ಷಯ್ ಐಡಿ ಅನ್ನುವ ಟಿಬಿ ನೋಂದಣಿ ನಂಬರ್. ಆ ನಂಬರ್ ಕಳೆದಿದ್ದರೆ ಟಿಬಿ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ ಕೇಳಿ, ಅಥವಾ ಮಾತ್ರೆ ಕೊಟ್ಟ ಕೇಂದ್ರಕ್ಕೇ ಮನೆಯವರನ್ನು ಕಳಿಸಿ ರಿಜಿಸ್ಟರಿನಲ್ಲಿ ಹುಡುಕಿಸಿ. ಏನೂ ಸಿಗದಿದ್ದರೆ ನೆನಪಿನಿಂದಲೇ ಬರೆದು ತನ್ನಿ. ಮೂತ್ರ ಕೆಂಪಗೆ ಹೋಗುತ್ತಿತ್ತೇ? ಹಾಗಿದ್ದರೆ ಅದರಲ್ಲಿ ರಿಫಾಂಪಿಸಿನ್ ಇದ್ದಿರಬೇಕು. ಸೊಂಟಕ್ಕೆ ಸೂಜಿ ಕೊಡುತ್ತಿದ್ದರೇ, ಎಷ್ಟು ದಿನ, ಆಮೇಲೆ ಕಿವಿಯಲ್ಲಿ ಗುಂಯ್ ಅಂದಿತೇ? ಕಣ್ಣು ಮಂಜಾಗಿ ಯಾವುದಾದರೂ ಮಾತ್ರೆ ನಿಲ್ಲಿಸಿದ್ದರೇ? ನಡುವೆ ಬಿಟ್ಟಿದ್ದರೆ ಬಿಟ್ಟೆ ಅಂತಲೇ ಹೇಳಿ. ನಾವು ಬೈಯುತ್ತೇವೆ ಎಂದು ಸುಳ್ಳು ಹೇಳಿದರೆ ಔಷಧಿ ತಪ್ಪುತ್ತದೆ.

ಮುಚ್ಚಿಡುವವರೂ ಇದ್ದಾರೆ. ಕಲಬುರಗಿ ಕಡೆಯ ಒಬ್ಬ ತಾಯಿ ತಮಗೆ ಹಿಂದೆ ಬಂದದ್ದು ನಿಮೋನಿಯಾ ಅಂತಲೇ ಹೇಳುತ್ತ ಬಂದರು. ಮಗ ಹೊರಗೆ ಹೋದ ಮೇಲೆ “ಸಾಹೇಬ್ರ, ಮಗಳ ಲಗ್ನ ಗೊತ್ತಾಗೇದ, ಟಿಬಿ ಅಂತ ಹ್ಯಾಂಗ ಹೇಳ್ಲಿ” ಅಂದರು. ಅಮ್ಮಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರ ಕೋಣೆಯಲ್ಲಿ ಹೇಳಿದ್ದು ಬೀಗರ ಮನೆಗೆ ಹೋಗುವುದಿಲ್ಲ.

ಕಫದ ರಿಪೋರ್ಟುಗಳ ಬಗ್ಗೆ ಸ್ವಲ್ಪ ಗಮನ ಕೊಡಿ. ಟಿಬಿ ಕ್ರಿಮಿಯ ಜಾತಿಗೇ ಸೇರಿದ ಬೇರೆ ಮೈಕೋಬ್ಯಾಕ್ಟೀರಿಯಾಗಳು ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತವೆ. ಇವನ್ನು ನಾವು ಎನ್‌ಟಿಎಂ ಅನ್ನುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ, ಕೆಂಪು ಬಣ್ಣ ಹಿಡಿದ ಸಣ್ಣ ಕಡ್ಡಿಗಳು. ಅದಕ್ಕೇ ಈ ಮೈಕ್ರೋಸ್ಕೋಪ್ ಪರೀಕ್ಷೆ, ಅಂದರೆ ಸ್ಮಿಯರ್, ಪಾಸಿಟಿವ್ ಅಂದ ಮಾತ್ರಕ್ಕೆ ಟಿಬಿ ಅಂತಾಗಲಿಲ್ಲ. ಮಾತ್ರೆಗೆ ಬಗ್ಗದಿದ್ದರೆ ‘ಔಷಧಿಗೆ ಬಗ್ಗದ ಟಿಬಿ’ ಅಂತಲೂ ಆಗಲಿಲ್ಲ. ಟಿಬಿ ಕ್ರಿಮಿಯನ್ನೇ ಗುರುತಿಸುವ ಸಿಬಿನಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಯ ರಿಪೋರ್ಟ್ ಇದ್ದರೆ ಖಂಡಿತ ತನ್ನಿ. ಕಫದ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಮಾಡಿಸಿದ್ದರೆ ಆ ರಿಪೋರ್ಟಿನಲ್ಲಿ ಕ್ರಿಮಿಯ ಪೂರ್ತಿ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಲ್ಯಾಬಿನಲ್ಲಿ ಕೇಳಿ. ಕಲ್ಚರ್ ಬರಲು ಆರು ವಾರ, ಕೆಲವೊಮ್ಮೆ ಎಂಟು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮವರು ಸಿಮ್ ಬದಲಾಯಿಸಿರುತ್ತಾರೆ ಅಥವಾ ಊರಿಗೆ ಹೋಗಿರುತ್ತಾರೆ, ರಿಪೋರ್ಟ್ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಹಳೆಯ ಕಲ್ಚರ್ ಎಲ್ಲಾದರೂ ಹಾಗೆ ಉಳಿದಿದೆಯೇ ನೆನಪು ಮಾಡಿಕೊಳ್ಳಿ, ಹೋಗಿ ತನ್ನಿ. ಎನ್‌ಟಿಎಂ ಅನ್ನಬೇಕಾದರೆ ಬೇರೆ ಬೇರೆ ದಿನದ ಎರಡು ಕಫದಲ್ಲಾದರೂ ಅದೇ ಕ್ರಿಮಿ ಬೆಳೆಯಬೇಕು. ಬಂದರೂ ಎಲ್ಲರಿಗೂ ಕೂಡಲೇ ಮಾತ್ರೆ ಬೇಕಾಗುವುದಿಲ್ಲ. ಶುರು ಮಾಡಿದರೆ ಮಾತ್ರ ವರ್ಷ ದಾಟುತ್ತದೆ, ಕಫದಲ್ಲಿ ಕ್ರಿಮಿ ನಿಂತ ಮೇಲೂ ಹನ್ನೆರಡು ತಿಂಗಳು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ.

ಭೇಟಿಗೆ ಮೊದಲು ಕಫ ಕೊಡಿ ಅಂತ ಹೇಳಿದ್ದರೆ ಎಂಜಲು ಕೊಡಬೇಡಿ. ಬೆಳಗ್ಗೆ ಎದ್ದ ಕೂಡಲೇ, ಚಹಾಕ್ಕೆ ಮೊದಲು, ಕಾಯಿಸಿ ಆರಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ. ನಲ್ಲಿ ನೀರು ಬೇಡ, ನೀರಿನ ಕ್ರಿಮಿಯೇ ಡಬ್ಬಿಗೆ ಸೇರಿ ದಾರಿ ತಪ್ಪಿಸಬಹುದು. ಎರಡು ಸಲ ಉಸಿರು ಪೂರ್ತಿ ಎಳೆದು, ಎದೆಯ ಆಳದಿಂದ ಕೆಮ್ಮಿ ತೆಗೆದ ದಪ್ಪ ಕಫ ಬೇಕು. ಚಾಳಿನ ಒಂದೇ ಕೋಣೆಯಲ್ಲಿ ಮಕ್ಕಳ ಪಕ್ಕ ಕೂತು ತೆಗೆಯಬೇಡಿ, ಗ್ಯಾಲರಿಗೋ ಟೆರೇಸಿಗೋ ಹೋಗಿ. ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಕೊಡಿ, ಚಟ್ನಿ ಡಬ್ಬಿ ತೊಳೆದು ತರಬೇಡಿ. ತೆಗೆದ ದಿನವೇ ಮುಟ್ಟಿಸಿ.

ಅದಕ್ಕೂ ಮೊದಲು ಒಂದು ಮಾತು. ಕಫ ಕೊಡುವ ತನಕ ಅಂಗಡಿಯಿಂದ ನೀವೇ ಕೇಳಿ ಸ್ಟ್ರಾಂಗ್ ಮಾತ್ರೆ ನುಂಗಬೇಡಿ. ಲಿವೋಫ್ಲಾಕ್ಸಾಸಿನ್‌ನಂಥವು ಟಿಬಿಯನ್ನು ಪೂರ್ತಿ ಕೊಲ್ಲದೆ ಸ್ವಲ್ಪ ದಿನ ಮಲಗಿಸಿಬಿಡುತ್ತವೆ, ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಹಾಗೆಂದು ಡಾಕ್ಟರು ಈಗಾಗಲೇ ಶುರು ಮಾಡಿಸಿರುವ ಮಾತ್ರೆಯನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಬರೆದವರನ್ನೇ ಕೇಳಿ.

ಸಕ್ಕರೆ ಕಾಯಿಲೆ, ಬಿಪಿ, ಹೃದಯ, ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆ, ಗರ್ಭ ತಡೆಯುವ ಮಾತ್ರೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ನಮ್ಮ ಔಷಧಿಗೂ ಅವುಗಳಲ್ಲಿ ಕೆಲವಕ್ಕೂ ಹೊಂದುವುದಿಲ್ಲ, ನಮ್ಮ ಕೆಲವು ಔಷಧಿಗಳು ಹೃದಯದ ಬಡಿತ ತಪ್ಪಿಸುತ್ತವೆ, ಇಸಿಜಿ ನೋಡಿಯೇ ಕೊಡಬೇಕಾಗುತ್ತದೆ. ಇತ್ತೀಚೆಗೆ ಸಕ್ಕರೆ, ಎಚ್‌ಐವಿ, ಲಿವರ್ ಪರೀಕ್ಷೆ ಆಗಿದ್ದರೆ ಅವೂ ಇರಲಿ. ತೂಕ ಎಷ್ಟು ಇಳಿದಿದೆ ಗೊತ್ತಿಲ್ಲದಿದ್ದರೆ ಹೋದ ವರ್ಷದ ಪ್ಯಾಂಟು ಎಷ್ಟು ಸಡಿಲ ಅಂತ ನೋಡಿ ಬನ್ನಿ. ಕೆಲಸದ ಬಗ್ಗೆ ಮರೆಯದೆ ಹೇಳಿ: ಬಂದರಿನಲ್ಲಿ ಮೂಟೆ ಹೊತ್ತಿರಾ, ಟ್ರಕ್ ಟರ್ಮಿನಲ್‌ನಲ್ಲಿ ಇದ್ದಿರಾ, ಕಲ್ಲು ಒಡೆಯುವ, ಟೈಲ್ಸ್ ಕತ್ತರಿಸುವ ಕೆಲಸ ಮಾಡಿದಿರಾ? ಕಲ್ಲಿನ ಧೂಳು ಹೊಕ್ಕ ಶ್ವಾಸಕೋಶದ ಕತೆಯೇ ಬೇರೆ.

ಜೊತೆಗೆ ಯಾರನ್ನು ಕರೆತರಬೇಕು? ‘ಮರಾಠಿ ಚೆನ್ನಾಗಿ ಬರುತ್ತದೆ’ ಅಂತ ಪಕ್ಕದ ಮನೆಯ ಹುಡುಗನನ್ನು ಕರೆತರುತ್ತೀರಿ. ಪಾಪ, ಅವನಿಗೆ ನಿಮ್ಮ ಕೆಮ್ಮು ರಾತ್ರಿ ಎಷ್ಟು ಗಂಟೆಗೆ ಶುರುವಾಗುತ್ತದೆ ಅಂತ ಹೇಗೆ ಗೊತ್ತು? ಅದೇ ಕೋಣೆಯಲ್ಲಿ ಮಲಗುವವರೊಬ್ಬರು ಬರಲಿ. ಎಲ್ಲ ವಿವರವನ್ನೂ ಕನ್ನಡದಲ್ಲೇ ಬರೆಯಿರಿ, ಆಮೇಲೆ ಮಕ್ಕಳ ಕೈಯಲ್ಲಿ ಹಿಂದಿಗೋ ಇಂಗ್ಲಿಷಿಗೋ ಮಾಡಿಸಿ. ವಡಾಲದ ಎನ್‌ಕೆಇಎಸ್ ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ, ಈ ಕೆಲಸಕ್ಕೆ ಅವರಿಗಿಂತ ಬೇರೆ ಯಾರು ಬೇಕು? ಡಾಕ್ಟರು ಕೇಳಿದ್ದು ಅರ್ಥವಾಗದಿದ್ದರೆ ತಲೆ ಆಡಿಸಬೇಡಿ, ಇನ್ನೊಮ್ಮೆ ಕೇಳಿ. ಕೋಣೆಯಿಂದ ಹೊರಗೆ ಬರುವ ಮೊದಲು ಯಾವ ಕ್ರಿಮಿ, ಎಷ್ಟು ತಿಂಗಳು, ಯಾವ ತೊಂದರೆ ಬಂದರೆ ಓಡಿ ಬರಬೇಕು, ಮುಂದಿನ ಕಫ ಪರೀಕ್ಷೆ ಯಾವಾಗ, ಇಷ್ಟನ್ನು ಬರೆಸಿಕೊಳ್ಳಿ. ಟಿಬಿ ಅಂತಲೇ ಆದರೆ ಪೌಷ್ಟಿಕ ಆಹಾರಕ್ಕೆ ಸರಕಾರ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ. ಮೊದಲು 500 ಇತ್ತು, 2024ರ ನವೆಂಬರಿನಿಂದ ಹೆಚ್ಚಾಗಿದೆ. ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟುಕೊಂಡಿರಿ.

ಕಫದಲ್ಲಿ ಗೆರೆಯಲ್ಲ, ರಕ್ತವೇ ಬಾಯಿ ತುಂಬ ಬಂದರೆ, ಮಾತಾಡಲಾಗದಷ್ಟು ಉಸಿರು ಕಟ್ಟಿದರೆ, ತಾರೀಕಿಗೆ ಕಾಯಬೇಡಿ. ಫಿಲ್ಮೂ ಹುಡುಕಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಜುವಾಲ್ಟಿಗೆ ಆ ಕ್ಷಣವೇ ಹೋಗಿ. ಕಾಗದ ಮನೆಯವರು ಹಿಂದಿನಿಂದ ತರಲಿ.

ಮಳೆಗೆ ಗಾಡಿ ನಿಂತು ಹೇಳಿದ ದಿನ ಹೋಗಲಾಗದಿದ್ದರೆ ‘ಇನ್ನು ಗಣಪತಿ ಹಬ್ಬ ಕಳೆದ ಮೇಲೆ ನೋಡೋಣ’ ಎಂದು ಬಿಡಬೇಡಿ. ಮರುದಿನವೇ ಹೋಗಿ ಹೊಸ ತಾರೀಕು ಬರೆಸಿಕೊಳ್ಳಿ. ಫಿಲ್ಮು, ಸ್ಟ್ರಿಪ್ಪು, ಚೀಲ ಎಲ್ಲ ಕಟ್ಟಿಟ್ಟ ಹಾಗೆಯೇ ಇರಲಿ. ಕಫ ಮಾತ್ರ ನಿನ್ನೆಯದು ಬೇಡ, ಹೊಸ ಡಬ್ಬಿ ಕೇಳಿ ತಾಜಾ ಕೊಡಿ.